ಹೊಸ ಬಣ್ಣದ ಹಿಂದಿನ ಬಿರುಕು

ನಾವು ಕೊಂಡ ಮನೆಯ ಗೋಡೆಗೆ ಮಾರಾಟಕ್ಕೆ ಮುನ್ನ ಬಳಿಸಿದ್ದ ಬಣ್ಣ ಈಗ ಸೀಳಿದೆ. ಕಿಟಕಿಯ ಮೂಲೆಯಿಂದ ಛಾವಣಿಯತ್ತ ಓರೆಯಾಗಿ ಏರಿದ ಬಿರುಕೊಂದು ಕಾಣಿಸಿಕೊಂಡಿದೆ. ಗಾರೆ ಒಣಗುವಾಗ ಮೂಡುವ ಕೂದಲೆಳೆಯಂಥ ಗೆರೆಗಳಿಗೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಆದರೆ ಇಟ್ಟಿಗೆಯ ಸಂದುಗಳನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಸಾಗುವ, ಒಂದು ತುದಿಯಲ್ಲಿ ಅಗಲವಾಗಿ ಇನ್ನೊಂದು ತುದಿಯಲ್ಲಿ ಕಿರಿದಾಗುವ ಬಿರುಕು, ಅಡಿಪಾಯದ ಒಂದು ಭಾಗ ಉಳಿದ ಭಾಗಕ್ಕಿಂತ ಹೆಚ್ಚು ಕುಸಿಯುತ್ತಿರುವುದರ ಸೂಚನೆಯಾಗಿರಬಹುದು ಎಂದು ಪರಿಶೀಲಿಸಿದ ಎಂಜಿನಿಯರ್ ವಿವರಿಸಿದರು. ಅವರು ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಅಂಟಿಸಿ, ಪಕ್ಕದಲ್ಲಿ ದಿನಾಂಕ ಬರೆದಿದ್ದಾರೆ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ. ಚಲನೆ ನಿಲ್ಲುವ ಮೊದಲೇ ಬಿರುಕನ್ನು ತುಂಬಿಸಿದರೆ ಅದು ಮತ್ತೆ ಬಾಯಿ ಬಿಡುತ್ತದೆ.

ಸ್ನಾನದ ಕೋಣೆಯ ಛಾವಣಿಯ ಕಥೆ ಬೇರೆ. ಅಲ್ಲಿ ಕಾಂಕ್ರೀಟ್ ಚಕ್ಕೆಯಾಗಿ ಉದುರಿ ಕಂಬಿ ಹೊರಬಂದಿದೆ. ತುಕ್ಕು ತಾನು ತಿಂದ ಉಕ್ಕಿಗಿಂತ 2 ರಿಂದ 6 ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ತುಕ್ಕನ್ನು ಉಜ್ಜಿ ತೆಗೆಯದೆ ಮೇಲೆ ಗಾರೆ ಮೆತ್ತುವುದು ರೋಗವನ್ನು ಮುಚ್ಚಿಡುವ ಕೆಲಸ.

ಮನೆ ಕೊಳ್ಳುವಾಗ ಹಕ್ಕಿನ ಕಾಗದಪತ್ರಗಳನ್ನು ವಕೀಲರಿಂದ ಅಕ್ಷರ ಬಿಡದೆ ಓದಿಸುತ್ತೇವೆ. ಆ ಕಾಗದಗಳಲ್ಲಿ ಕಂಬಿಯ ಸ್ಥಿತಿಯಾಗಲಿ, ತಳದ ಮಣ್ಣಿನ ಗುಣವಾಗಲಿ ಇರುವುದಿಲ್ಲ ಎಂಬುದು ವಿಚಿತ್ರವೆನಿಸುತ್ತದೆ. ಸದ್ಯ ಅಡಿಪಾಯದ ಬದಿಯಲ್ಲಿ ಹಾದುಹೋಗಿರುವ ಚರಂಡಿ ಕೊಳವೆಯನ್ನು ಅಗೆದು ನೋಡುತ್ತಿದ್ದೇವೆ, ಏಕೆಂದರೆ ಅದು ಸೋರಿ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತಿದ್ದರೆ ದುರಸ್ತಿ ಅಲ್ಲಿಂದಲೇ ಆರಂಭವಾಗಬೇಕು.