ಸೆಕೆಂಡ್ ಶಿಫ್ಟ್‌ನಲ್ಲಿ ಕಾದ ರಾತ್ರಿ

2015ರ ಸೆಪ್ಟೆಂಬರ್ 1, ಮಂಗಳವಾರ. ಬೆಳಗಾವಿಯ ಉದ್ಯಮಬಾಗದ ಒಂದು ವರ್ಕ್‌ಶಾಪ್‌ನಲ್ಲಿ ನನಗೆ ಸೆಕೆಂಡ್ ಶಿಫ್ಟ್. ಮರುದಿನ ದೇಶದ ತುಂಬ ಮುಷ್ಕರ ಇತ್ತು, ಹಾಗಾಗಿ ಆ ರಾತ್ರಿ ಜಾಸ್ತಿ ಕೆಲಸ. ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಮಷೀನಿನಲ್ಲಿ ಹೈಡ್ರಾಲಿಕ್ ವಾಲ್ವಿನ ಬಿಡಿಭಾಗ, ನಮ್ಮ ಮಾತಲ್ಲಿ 'ಜಾಬ್', ಓಡುತ್ತಿತ್ತು. ನನ್ನ ಕಣ್ಣು ಮಾತ್ರ ಟ್ರಾಲಿ ಮೇಲಿಟ್ಟ ಫೋನಿನ ಕಡೆಗೇ.

ಇಂಗ್ಲೆಂಡಿನ ಫುಟ್ಬಾಲ್ ಕ್ಲಬ್‌ಗಳು ಆಟಗಾರರನ್ನು ಕೊಳ್ಳುವ ಗಡುವು ಅವತ್ತು ಅಲ್ಲಿನ ಸಂಜೆ 6ಕ್ಕೆ ಮುಗಿಯುತ್ತಿತ್ತು. ನಮಗೆ ರಾತ್ರಿ 10.30. ನಾನು ಲಂಡನ್ನಿನ ಆರ್ಸೆನಲ್ ಕ್ಲಬ್ಬಿನ ಅಭಿಮಾನಿ. ಒಂದು ಜಾಬ್ ಇಳಿಸುವುದು, ಇನ್ನೊಂದು ಏರಿಸುವುದು, ಬಾಗಿಲು ಹಾಕಿ ಫೋನ್ ನೋಡುವುದು. ಮಷೀನು ತಂಪಾಗಿಡುವ ಕೂಲಂಟ್ ದ್ರವ ಹತ್ತಿದ ಬೆರಳಿಗೆ ಟಚ್ ಕೆಲಸ ಮಾಡುವುದಿಲ್ಲ. ಎಡಗೈ ಕಿರುಬೆರಳನ್ನು ಒರೆಸಿ ಒರೆಸಿ ಫೋನಿಗೆ ಅಂತಲೇ ಒಣಗಿಸಿ ಇಟ್ಟುಕೊಂಡಿದ್ದೆ.

ಆ ಬೇಸಿಗೆಯಿಡೀ ನಮ್ಮ ಕ್ಲಬ್ ಕೊಂಡಿದ್ದು ಒಬ್ಬ ದೊಡ್ಡ ಆಟಗಾರನನ್ನು. ಗೋಲ್‌ಕೀಪರ್ ಪೀಟರ್ ಚೆಕ್. ಒಳ್ಳೆಯ ಖರೀದಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೋಲು ಹೊಡೆಯುವವರು ಯಾರು? ಲೀಗಿನ ಮೊದಲ ನಾಲ್ಕು ಪಂದ್ಯದಲ್ಲಿ ನಮಗೆ ಬಂದಿದ್ದು ಮೂರು ಗೋಲು. ಅದರಲ್ಲಿ ಎರಡು ಎದುರಾಳಿಗಳೇ ತಮ್ಮ ಬಲೆಗೆ ಹೊಡೆದುಕೊಂಡಿದ್ದು. ನಮ್ಮವರು ಹೊಡೆದಿದ್ದು ಒಂದೇ ಒಂದು, ನಮ್ಮ ಸ್ಟ್ರೈಕರ್ (ಗೋಲು ಹೊಡೆಯುವ ಆಟಗಾರ) ಜಿರೂ ಕಾಲಿನಿಂದ. ರಿಯಲ್ ಮ್ಯಾಡ್ರಿಡ್‌ನ ಸ್ಟ್ರೈಕರ್ ಬೆಂಜೆಮಾ ಬರುತ್ತಾರೆ ಎಂಬ ಗಾಳಿಸುದ್ದಿ ಆಗಸ್ಟ್ ಪೂರ್ತಿ ಓಡಾಡಿ ಸುಮ್ಮನಾಗಿತ್ತು. ಸಾಲದ್ದಕ್ಕೆ ನಮ್ಮ ಇನ್ನೊಬ್ಬ ಸ್ಟ್ರೈಕರ್ ವೆಲ್ಬೆಕ್ ಮೊಣಕಾಲಿನ ಗಾಯದಿಂದ ತಿಂಗಳುಗಟ್ಟಲೆ ಆಡಿರಲಿಲ್ಲ.

ಇಷ್ಟಾದ ಮೇಲಾದರೂ ಒಬ್ಬರನ್ನು ತರುತ್ತಾರೆ ಅಂದುಕೊಂಡೆ.

ಪಕ್ಕದ ಮಷೀನಿನ ಕಾಕಾ ಗಮನಿಸುತ್ತಲೇ ಇದ್ದರು. ಚಿಕ್ಕಂದಿನಲ್ಲಿ ಕ್ಯಾಂಪಿನ (ಬೆಳಗಾವಿಯ ದಂಡು ಪ್ರದೇಶದ) ಹುಡುಗರ ಜೊತೆ ಫುಟ್ಬಾಲ್ ಆಡಿ ಬೆಳೆದವರು. "ಯಾಕೋ ತಮ್ಮಾ, ರೊಕ್ಕ ಇಲ್ಲೇನ ನಿಮ್ಮ ಕ್ಲಬ್ಬಿನ್ಯಾಗ?" ಅಂದರು.

ರೊಕ್ಕ ಇಲ್ಲದಿದ್ದರೆ ನನಗೆ ಸಿಟ್ಟೇ ಬರುತ್ತಿರಲಿಲ್ಲ. 2006ರಲ್ಲಿ ಹೊಸ ಸ್ಟೇಡಿಯಂ ಕಟ್ಟಿ ಸಾಲ ಮಾಡಿಕೊಂಡಾಗ ನಾವು ಸಹಿಸಿಕೊಂಡೆವು. 2011ರಲ್ಲಿ ಫ್ಯಾಬ್ರೆಗಾಸ್ ಹೋದರು, ನಸ್ರಿ ಹೋದರು. ಮರುವರ್ಷ ವ್ಯಾನ್ ಪರ್ಸಿ ಹೋಗಿದ್ದು ಮ್ಯಾಂಚೆಸ್ಟರ್ ಯುನೈಟೆಡ್‌ಗೆ! ಆಗಲೂ ಸಹಿಸಿಕೊಂಡೆವು. ಸಾಲ ಇರುವ ಮನೆಯ ಮಕ್ಕಳು ಹಬ್ಬಕ್ಕೆ ಹೊಸ ಬಟ್ಟೆ ಬೇಕು ಅಂತ ಹಟ ಮಾಡುವುದಿಲ್ಲ, ಅಲ್ವಾ? ಆದರೆ ಆ ಕಾಲ ಮುಗಿದಿತ್ತು. 2013ರಲ್ಲಿ ಓಜಿಲ್, 2014ರಲ್ಲಿ ಸಾಂಚೆಜ್ ಬಂದಿದ್ದರು. ಕ್ಲಬ್ಬಿನ ಲೆಕ್ಕಪತ್ರದಲ್ಲಿ 20 ಕೋಟಿ ಪೌಂಡ್‌ಗೂ ಜಾಸ್ತಿ ನಗದು ಇತ್ತು. ಅದೆಲ್ಲವೂ ಆಟಗಾರರಿಗೆ ಅಂತ ಇಟ್ಟ ಹಣವಲ್ಲ, ಸಾಲದ ಕಂತಿಗೂ ಒಂದು ಪಾಲು ಎತ್ತಿಡಬೇಕು, ಗೊತ್ತು. ಆದರೂ ಒಬ್ಬ ಸ್ಟ್ರೈಕರ್‌ಗೆ ಸಾಲದಷ್ಟು ಬಡತನವೇನಲ್ಲ. ಅಲ್ಲಿ ಅತಿ ಅಗ್ಗದ ಸೀಸನ್ ಟಿಕೆಟ್ಟೇ 1,000 ಪೌಂಡ್ ದಾಟಿತ್ತು. ಜನ ಅಷ್ಟು ಕೊಟ್ಟು ಬರುತ್ತಿದ್ದಾರೆ. ನಾನು ಇಲ್ಲಿ ಎರಡು ತಿಂಗಳ ಓಟಿ ದುಡ್ಡು ಕೂಡಿಟ್ಟು ಜೆರ್ಸಿ ತಗೊಂಡಿದ್ದೆ.

ಕಾಕಾಗೆ ಇಷ್ಟೆಲ್ಲ ಹೇಳಲಿಲ್ಲ. "ರೊಕ್ಕ ಐತಿ ಕಾಕಾ. ಸ್ಪೇರ್ ಇಲ್ಲ," ಅಂದೆ. ಮಿಡ್‌ಫೀಲ್ಡಿನಲ್ಲಿ ರಕ್ಷಣೆಗೆ ಇರುವುದು ಕೊಕ್ಲಾನ್ ಒಬ್ಬರೇ, ಅವರ ಬೆನ್ನಿಗೆ ವಯಸ್ಸಾದ ಅರ್ಟೆಟಾ ಮತ್ತು ಫ್ಲಮಿನಿ ಅಂತ ವಿವರಿಸಿದೆ.

ಕಾಕಾ ನನ್ನ ಡ್ರಾಯರ್ ಎಳೆದು ಇನ್ಸರ್ಟ್ ಡಬ್ಬಿ ತೆರೆದು ನೋಡಿದರು. ಅದು ಅವರ ನಿಯಮ. ಡಬ್ಬಿಯಲ್ಲಿ ಕನಿಷ್ಠ ಎರಡು ಹೊಸ ಇನ್ಸರ್ಟ್ ಇಲ್ಲದೆ ಶಿಫ್ಟ್ ಶುರು ಮಾಡಲು ಬಿಡುವವರಲ್ಲ. ಇನ್ಸರ್ಟ್ ಅಂದರೆ ಮಷೀನಿನಲ್ಲಿ ಲೋಹ ಕೊರೆಯುವ, ಉಗುರಿನಷ್ಟಗಲದ ಕಾರ್ಬೈಡ್ ತುಂಡು. ಮುರಿದರೆ ಲಕ್ಷಾಂತರ ರೂಪಾಯಿಯ ಮಷೀನು ಸುಮ್ನೆ ನಿಲ್ಲುತ್ತದೆ. "ಇಷ್ಟು ನಮಗ ತಿಳೀತದ, ಅವರಿಗೆ ತಿಳ್ಯಾಂಗಿಲ್ಲೇನು?" ಅಂದರು. ಅವರ ದನಿಯಲ್ಲಿ ನಿಜವಾದ ಬೇಸರವಿತ್ತು.

10.30 ಆಯಿತು. ಮ್ಯಾಂಚೆಸ್ಟರ್ ಯುನೈಟೆಡ್ 3.6 ಕೋಟಿ ಪೌಂಡ್ ಕೊಟ್ಟು 19 ವರ್ಷದ ಮಾರ್ಸಿಯಾಲ್‌ನನ್ನು ಕೊಂಡಿತ್ತು. ನಮ್ಮವರು ಯಾರನ್ನೂ ಕೊಳ್ಳಲಿಲ್ಲ. ಹತ್ತು ನಿಮಿಷ ಕಾದೆ. ಕೊನೇ ಗಳಿಗೆಯ ಸುದ್ದಿ ಕೆಲವೊಮ್ಮೆ ತಡವಾಗಿ ಬರುತ್ತದೆ. ಬರಲಿಲ್ಲ. ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ "ಯಾರೂ ಇಲ್ಲ" ಅಂತ ಹಾಕಿದೆ. ಎಲ್ಲರೂ ಓದಿದರು, ಒಬ್ಬರೂ ಉತ್ತರ ಬರೆಯಲಿಲ್ಲ. ಮಷೀನು ಸೈಕಲ್ ಮುಗಿಸಿ ನಿಂತಿತ್ತು. ಬಾಗಿಲು ತೆರೆದು ಜಾಬ್ ಇಳಿಸಿದೆ.

ನವೆಂಬರ್ 21ರಂದು ವೆಸ್ಟ್ ಬ್ರಾಮ್ ವಿರುದ್ಧ ಪಂದ್ಯ. ಶನಿವಾರ ರಾತ್ರಿ, ಮನೆಯಲ್ಲೇ ನೋಡುತ್ತಿದ್ದೆ. ಕಾಲು ಗಂಟೆಯೊಳಗೆ ಕೊಕ್ಲಾನ್ ಮೊಣಕಾಲಿಗೆ ಪೆಟ್ಟಾಗಿ ಹೊರನಡೆದರು. ಅವರ ಜಾಗಕ್ಕೆ ಅರ್ಟೆಟಾ ಬಂದರು. ಪಾಪ, ಚೆಂಡು ಅವರ ಕಾಲಿಗೆ ತಾಗಿ ನಮ್ಮ ಬಲೆಗೇ ಹೋಯಿತು. ಸ್ವಲ್ಪ ಹೊತ್ತಿಗೆ ಅವರೂ ಗಾಯಗೊಂಡು ಹೊರಹೋದರು. 2-1ರಿಂದ ಸೋತೆವು.

ಪಂದ್ಯ ಮುಗಿದ ಮೇಲೆ ಕಾಕಾಗೆ ಫೋನ್ ಮಾಡಿದೆ.

"ಇನ್ಸರ್ಟ್ ಮುರೀತು ಕಾಕಾ."

"ಎರಡನೇದು?"

"ಅದೂ."