ಸೆಂಟ್ರಿಂಗ್ ಬಿಚ್ಚಲು ದೇವರ ಚಿತ್ತ ಕೇಳಬೇಕಾ?

ಚರ್ಚಿನ ಸಭೆಯಲ್ಲಿ ಸಾಕ್ಷಿ ಹೇಳುವಾಗ, ಅಂದರೆ ದೇವರು ನಮಗೆ ಮಾಡಿದ್ದನ್ನು ಎಲ್ಲರ ಮುಂದೆ ಹೇಳುವಾಗ, ನಾವು ಜಾಸ್ತಿ ಆಡುವ ಮಾತು ಒಂದಿದೆ: "ಪ್ರಾರ್ಥನೆ ಮಾಡಿದೆ, ಮನಸ್ಸಿಗೆ ಸಮಾಧಾನ ಬಂತು, ಮುಂದೆ ಹೋದೆ." ನಾನು ಸಿವಿಲ್ ಇಂಜಿನಿಯರ್. ಉಡುಪಿ ಸುತ್ತಮುತ್ತ ಮನೆಗಳ ಸೈಟ್ ನೋಡಿಕೊಳ್ಳುತ್ತೇನೆ. ದೇವರ ಮೇಲಿನ ನಂಬಿಕೆ ಹಾಗೇ ಇದೆ, ಆದರೆ ಆ ಸಮಾಧಾನದ ಮೇಲಿನ ನಂಬಿಕೆ ಮಾತ್ರ ಈ ಕೆಲಸದಲ್ಲಿ ಕಡಿಮೆಯಾಗಿದೆ.

ಒಂದು ಮನೆಯ ಹಾಲ್ ಸ್ಲ್ಯಾಬ್ ವಿಷಯ ಹೇಳುತ್ತೇನೆ. ಸ್ಪ್ಯಾನ್, ಅಂದರೆ ಆಧಾರದಿಂದ ಆಧಾರಕ್ಕೆ ಇರುವ ದೂರ, ಐದು ಮೀಟರಿಗಿಂತ ಸ್ವಲ್ಪ ಜಾಸ್ತಿ. ಕಾಂಕ್ರೀಟ್ ಹಾಕಿ ವಾರವಾಗಿತ್ತು. ಅದನ್ನು ಕೆಳಗಿನಿಂದ ಹೊತ್ತು ನಿಂತ ತಾತ್ಕಾಲಿಕ ಆಧಾರ, ಅಂದರೆ ಸೆಂಟ್ರಿಂಗ್, ಇನ್ನೂ ಬಿಚ್ಚಿರಲಿಲ್ಲ. ಅದರ ಜಾಕಿ (ಊರುಗಂಬ), ಶೀಟುಗಳ ಬಾಡಿಗೆ ಏರುತ್ತಿತ್ತು. ಕಾಂಟ್ರಾಕ್ಟರಿಗೆ ಅದೇ ಸಾಮಾನು ಇನ್ನೊಂದು ಸೈಟಿಗೆ ಬೇಕಿತ್ತು. ಮಾಲೀಕರು ಮನೆ ಪ್ರತಿಷ್ಠೆಗೆ ದಿನವನ್ನೂ ಗೊತ್ತು ಮಾಡಿದ್ದರು. "ಬಿಚ್ಚೋಣ ಸಾರ್, ಕ್ಯೂಬ್ ರಿಸಲ್ಟ್ ಚೆನ್ನಾಗಿ ಬಂದಿದೆ" ಎಂದರು ಕಾಂಟ್ರಾಕ್ಟರ್. ಕ್ಯೂಬ್ ಅಂದರೆ ಅದೇ ಕಾಂಕ್ರೀಟಿನಿಂದ ಮಾಡಿ, ಒತ್ತಿ ಬಲ ಪರೀಕ್ಷಿಸುವ ತುಂಡು.

ಕಾಂಕ್ರೀಟ್ ಕೆಲಸದ ಭಾರತೀಯ ಕೋಡ್ ಐಎಸ್ 456 ಪ್ರಕಾರ 4.5 ಮೀಟರ್ ತನಕದ ಸ್ಲ್ಯಾಬಿಗೆ ಜಾಕಿ 7 ದಿನ ಇರಬೇಕು, ಅದಕ್ಕಿಂತ ಉದ್ದವಿದ್ದರೆ 14 ದಿನ. ಅದೂ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಲೆಕ್ಕ. ನಾವು ಹಾಕಿದ್ದು ಪಿಪಿಸಿ (ಪೋಝೋಲಾನಾ ಬೆರೆತ ಸಿಮೆಂಟ್), ಅದು ಮೊದಲ ದಿನಗಳಲ್ಲಿ ನಿಧಾನಕ್ಕೆ ಗಟ್ಟಿಯಾಗುತ್ತದೆ. ಕ್ಯೂಬ್ ಇರುವುದು ನೀರಿನ ತೊಟ್ಟಿಯಲ್ಲಿ, ಸ್ಲ್ಯಾಬ್ ಇರುವುದು ಬಿಸಿಲಲ್ಲಿ. ಎರಡನ್ನೂ ಒಂದೇ ಅಂದುಕೊಳ್ಳಲು ಆಗುವುದಿಲ್ಲ.

ಇದನ್ನೆಲ್ಲ ಹೇಳಿದೆ. ಕಾಂಟ್ರಾಕ್ಟರ್ ಕೂಡ ವಿಶ್ವಾಸಿಯೇ. "ನಾನೂ ಪ್ರಾರ್ಥನೆ ಮಾಡಿದ್ದೀನಿ, ನನಗೆ ಸಮಾಧಾನ ಇದೆ. ನೀವೂ ದೇವರ ಮೇಲೆ ಭಾರ ಹಾಕಿ" ಎಂದರು.

ಬೈಬಲಿನ ಮತ್ತಾಯ 4ರಲ್ಲಿ ಸೈತಾನನು ಯೇಸುವನ್ನು ದೇವಾಲಯದ ತುದಿಗೆ ಹತ್ತಿಸಿ, 91ನೇ ಕೀರ್ತನೆಯ ಮಾತನ್ನೇ ಹೇಳಿ, ಕೆಳಗೆ ಧುಮುಕು ಎನ್ನುತ್ತಾನೆ. ದೇವರನ್ನು ಪರೀಕ್ಷಿಸಬಾರದು ಎಂದು ಯೇಸು ಧರ್ಮೋಪದೇಶಕಾಂಡದಿಂದ ಉತ್ತರ ಕೊಡುತ್ತಾರೆ. ಅದೇ ಪುಸ್ತಕದ 22ನೇ ಅಧ್ಯಾಯದಲ್ಲಿ ನಮ್ಮ ವೃತ್ತಿಗೇ ಬರೆದಂತಿರುವ ಒಂದು ಆಜ್ಞೆ ಇದೆ. ಹೊಸ ಮನೆ ಕಟ್ಟಿದರೆ ಮಾಳಿಗೆಯ ಸುತ್ತ ಗೋಡೆ ಕಟ್ಟಬೇಕು, ಯಾರಾದರೂ ಬಿದ್ದು ಸತ್ತ ಹೊಣೆ ಆ ಮನೆಗೆ ಬರಬಾರದು. ಆ ಊರುಗಳಲ್ಲಿ ಜನ ಮಾಳಿಗೆಯ ಮೇಲೆ ಓಡಾಡುತ್ತಿದ್ದರು, ಮಲಗುತ್ತಲೂ ಇದ್ದರು. ದೇವರು ಪ್ಯಾರಾಪೆಟ್ ಬಗ್ಗೆಯೇ ಇಷ್ಟು ಹೇಳಿದ ಮೇಲೆ, ಜಾಕಿ ಬಗ್ಗೆ ನಾನು ಮೊಣಕಾಲೂರಿ ಬೇರೆ ಉತ್ತರ ಕಾಯುವುದರಲ್ಲಿ ಅರ್ಥವಿರಲಿಲ್ಲ. ಹಾಗೆ ಕಾದಿದ್ದರೆ ಅದು ಅನುಮತಿ ಹುಡುಕಿದಂತೆ, ಅಲ್ವಾ?

ಆಗಲ್ಲ ಎಂದು ಸೈಟ್ ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ. ಸಮಾಧಾನ ಬಂತಾ? ಇಲ್ಲ. ಮಾಲೀಕರು ಮುಖ ಸಿಂಡರಿಸಿದರು, ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಹೂಂ ಅಂದಿದ್ದರೆ ಎಲ್ಲರೂ ನಗುನಗುತ್ತಾ ಚಹಾ ಕುಡಿಯುತ್ತಿದ್ದೆವು. ಆ ಹಗುರವನ್ನೂ ಸಮಾಧಾನ ಅಂತಲೇ ಕರೆಯುತ್ತಿದ್ದೆನೋ ಏನೋ. 14 ದಿನ ಕಳೆದ ಮೇಲೆ ಬಿಚ್ಚಿದೆವು, ಸ್ಲ್ಯಾಬ್ ಚೆನ್ನಾಗಿತ್ತು. ವಾರಕ್ಕೇ ಬಿಚ್ಚಿದ್ದರೂ ನಿಲ್ಲುತ್ತಿತ್ತೇನೋ, ಹಾಗಾಗಿ ಇದನ್ನು ಸಭೆಯಲ್ಲಿ ಸಾಕ್ಷಿ ಮಾಡಿ ಹೇಳಲಾರೆ. ಆ ಕಾಂಟ್ರಾಕ್ಟರ್ ಮುಂದಿನ ಕೆಲಸಕ್ಕೆ ನನ್ನನ್ನು ಕರೆಯಲಿಲ್ಲ.

ಯೆರೂಸಲೇಮಿನ ಗೋಡೆಯನ್ನು ಮತ್ತೆ ಕಟ್ಟಿಸಿದ ನೆಹೆಮೀಯನನ್ನು ನಾನು ಮತ್ತೆ ಮತ್ತೆ ಓದುವುದು ಇದಕ್ಕೇ. ಮುಖ ಯಾಕೆ ಬಾಡಿದೆ ಎಂದು ಪರ್ಷಿಯಾದ ಅರಸ ಅರ್ತಷಸ್ತನು ಕೇಳಿದಾಗ ಅವನಿಗೆ ವಿಪರೀತ ಭಯ. ಆಮೇಲೆ ಏನು ಬೇಕು ಎಂದು ಅರಸ ಕೇಳುತ್ತಾನೆ. ಆ ಪ್ರಶ್ನೆಗೂ ಉತ್ತರಕ್ಕೂ ನಡುವೆ ನೆಹೆಮೀಯ ಒಂದು ಪ್ರಾರ್ಥನೆ ಮಾಡುತ್ತಾನೆ, ಉಸಿರೆಳೆದಷ್ಟು ಹೊತ್ತು. ಅದರ ಹಿಂದೆ ಕಿಸ್ಲೇವ್ ತಿಂಗಳಿಂದ ನೀಸಾನ್ ತಿಂಗಳ ತನಕ, ಸುಮಾರು ನಾಲ್ಕು ತಿಂಗಳು, ಮಾಡಿದ ಪ್ರಾರ್ಥನೆ ಇದೆ. ಲೆಕ್ಕವೂ ತಯಾರಿದೆ: ಎಷ್ಟು ಕಾಲ ಬೇಕು, ಯಾವ ಅಧಿಕಾರಿಗೆ ಪತ್ರ ಬೇಕು, ಅರಸನ ಕಾಡು ಕಾಯುವ ಆಸಾಫನಿಂದ ಮರ ಯಾತಕ್ಕೆ ಬೇಕು. ಯೆರೂಸಲೇಮಿಗೆ ಹೋದ ಮೇಲೂ ಯಾರಿಗೂ ಹೇಳದೆ ರಾತ್ರಿಯಲ್ಲಿ ಗೋಡೆ ಸುತ್ತಿ ನೋಡುತ್ತಾನೆ. ಅಪ್ಪಟ ಸೈಟ್ ಇನ್‌ಸ್ಪೆಕ್ಷನ್! ಶತ್ರುಗಳು ಬಂದಾಗ ಪ್ರಾರ್ಥನೆಯನ್ನೂ ಮಾಡುತ್ತಾನೆ, ಕಾವಲನ್ನೂ ಇಡುತ್ತಾನೆ. ಗೋಡೆ ಮುಗಿದದ್ದು 52 ದಿನಕ್ಕೆ. ನಮ್ಮಲ್ಲಿ ಕಾಂಪೌಂಡ್ ಗೋಡೆಗೂ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ, ಬಿಡಿ.

ಈಗ ಫೋನಿನಲ್ಲಿ ಯಾರಾದರೂ ಅವಸರ ಮಾಡಿದರೆ "ಐದು ನಿಮಿಷ ಬಿಟ್ಟು ಹೇಳ್ತೀನಿ" ಎನ್ನುತ್ತೇನೆ. ನೋಡಬೇಕಾದ್ದನ್ನು ತೋರಿಸಪ್ಪಾ ಎಂದು ಒಂದೇ ಸಾಲು ಪ್ರಾರ್ಥಿಸಿ ಡ್ರಾಯಿಂಗ್ ಬಿಚ್ಚುತ್ತೇನೆ. ಒಮ್ಮೊಮ್ಮೆ ಸೈಟಿಗೆ ಹೋಗಿ ನೋಡಿದಾಗ ಕಂಬಿಯ ಕೆಳಗೆ ಅದನ್ನು ಎತ್ತಿ ಹಿಡಿಯುವ ಕವರ್ ಬ್ಲಾಕ್ ಇಲ್ಲದ್ದು ಕಣ್ಣಿಗೆ ಬೀಳುತ್ತದೆ. ದೇವರು ತೋರಿಸಿದರೋ ನಾನು ನೋಡಿದೆನೋ ಎಂದು ವಾದ ಮಾಡಲು ಹೋಗುವುದಿಲ್ಲ.

ಕೋಡ್ ಪುಸ್ತಕ ಇಲ್ಲದ ವಿಷಯಗಳು ಕಷ್ಟ. ದುಬೈಯಲ್ಲಿ ಒಂದು ಕೆಲಸ ಸಿಕ್ಕಿತ್ತು. ಹೋಗುವುದೂ ತಪ್ಪಲ್ಲ, ಇರುವುದೂ ತಪ್ಪಲ್ಲ. ಅಪೊಸ್ತಲ ಪೌಲನಿಗೂ ಆಸ್ಯ ಸೀಮೆಗೆ ಹೋಗಲು ತಡೆ, ಬಿಥೂನ್ಯಕ್ಕೆ ತಡೆ, ಯಾಕೆಂದು ವಿವರಣೆ ಇಲ್ಲ. ಸುಮ್ನೆ ತ್ರೋವ ಪಟ್ಟಣದ ತನಕ ನಡೆದ. ಸಭೆಯ ಹಿರಿಯರೊಬ್ಬರ ಬಳಿ ಹೋದೆ. ಅವರು ನನ್ನ ಮನಸ್ಸಿಗೆ ಏನನ್ನಿಸುತ್ತದೆ ಎಂದು ಕೇಳಲೇ ಇಲ್ಲ. ಸಾಲ ಎಷ್ಟಿದೆ, ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ, ಹೆಂಡತಿ ಏನನ್ನುತ್ತಾಳೆ ಎಂದು ಕೇಳಿದರು. ಹೋಗಲಿಲ್ಲ. ಸಾಲ ಇನ್ನೂ ತೀರಿಲ್ಲ. ಏಜೆಂಟ್ ಮತ್ತೆ ಫೋನ್ ಮಾಡಿದರೆ ಅವೇ ಪ್ರಶ್ನೆಗಳನ್ನು ಮೊದಲಿಂದ ಕೇಳಿಕೊಳ್ಳುತ್ತೇನೆ.