ತಲೆಯೆತ್ತಿ ನೋಡಿದ ಕಟ್ಟಡ

ಊರಿನ ನಟ್ಟನಡುವೆ ಒಂದು ನಾಲ್ಕಂತಸ್ತಿನ ಕಟ್ಟಡ ಪಾಳು ಬಿದ್ದಿದೆ. ದಿನಾ ಅದರ ಮುಂದೆಯೇ ಓಡಾಡುತ್ತೇನೆ. ಇವತ್ತು ಸಿಗ್ನಲ್‌ನಲ್ಲಿ ನಿಂತಾಗ ಸುಮ್ನೆ ತಲೆಯೆತ್ತಿ ನೋಡಿದೆ.

ಬಾಲ್ಕನಿಯ ಅಡಿಯಲ್ಲಿ ಕಾಂಕ್ರೀಟ್ ಚಕ್ಕೆ ಚಕ್ಕೆಯಾಗಿ ಉದುರಿ, ಕಂಬಿಗಳು ಪಕ್ಕೆಲುಬಿನ ಹಾಗೆ ಕಾಣುತ್ತಿದ್ದವು. ಇದು ಹೊರಗಿನಿಂದ ಬಿದ್ದ ಪೆಟ್ಟಲ್ಲ. ಬಿರುಕಿನಲ್ಲಿ ನೀರು ಇಳಿದು ಕಂಬಿಗೆ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಅದು ಉಬ್ಬಿ ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಮೊದಲ ಬಿರುಕಿಗೇ ಯಾರಾದರೂ ಗಾರೆ ಮೆತ್ತಿದ್ದರೆ ಸಾಕಿತ್ತು, ಅಲ್ವಾ?

ಮೆತ್ತೋದು ಯಾರು? ಇಂಥ ಕಡೆ ಕಟ್ಟಡಕ್ಕಿಂತ ಕೆಳಗಿನ ಜಾಗಕ್ಕೇ ಬೆಲೆ ಜಾಸ್ತಿ. ರಿಪೇರಿಗೆ ಹಾಕೋ ದುಡ್ಡು ದಂಡ ಅಂತ ಕಾಯುತ್ತಾ ಕೂರುವವರೂ ಇದ್ದಾರೆ. ಇಲ್ಲವೇ ಪಾಲಿನ ಜಗಳ, ಕೋರ್ಟು.

ಈ ಕಟ್ಟಡವನ್ನು ಕುರೂಪಿ ಅಂತ ಬೈದವರಲ್ಲಿ ನಾನೂ ಒಬ್ಬ. ಆದರೆ ಕಿಟಕಿಯ ಮೇಲಿನ ಸಜ್ಜಾಗಳಿಗೆ ಯಾರೋ ಅಕ್ಕರೆಯಿಂದ ಒಂದು ಬಾಗು ಕೊಟ್ಟಿದ್ದಾರೆ. ಇಷ್ಟು ವರ್ಷ ಕಂಡೇ ಇರಲಿಲ್ಲ.

ಮೇಲೆ ಪೈಪಿನ ಸಂದಿಯಲ್ಲಿ ಒಂದು ಗಿಡ ಸೊಂಪಾಗಿ ಬೆಳೆದಿದೆ. ಸದ್ಯಕ್ಕೆ ಅಲ್ಲಿ ವಾಸ ಇರೋದು ಅದೊಂದೇ.